ಗೆಳೆಯನಿಗೊಂದು ಪತ್ರ: ಅರ್ಧಕ್ಕೇ ಮುಗಿದ ಮಾತು

ಪ್ರೀತಿಯ ಮಾರಾಯ,

ಇದನ್ನು ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ಹೆದರಬೇಡ, ಹಸಿರು ಛತ್ರಿ ವಿಷಯ ಎತ್ತುವುದಿಲ್ಲ.

ನಿನ್ನೆ ರಾತ್ರಿ ‘ದಿ ಸ್ಕಾರ್ಲೆಟ್ ಕ್ಲೂ’ ನೋಡಿದೆ. 1945ರದ್ದು. ಮೊನೊಗ್ರಾಮ್ ಅನ್ನುವ ಬಡ ಸ್ಟುಡಿಯೊದ ಚಾರ್ಲಿ ಚಾನ್ ಅನ್ನುವ ಪತ್ತೇದಾರನ ಸಿನಿಮಾ. ದೊಡ್ಡ ಸ್ಟುಡಿಯೊ ಫಾಕ್ಸ್ ಕೈಬಿಟ್ಟ ಮೇಲೆ ಆ ಪಾತ್ರದ ಹಕ್ಕನ್ನು ನಟ ಸಿಡ್ನಿ ಟೋಲರ್ ತಾನೇ ಕೊಂಡು ಇಲ್ಲಿಗೆ ತಂದಿದ್ದ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ರೇಡಿಯೊ ಸ್ಟುಡಿಯೊ ಇರುವ ಕಟ್ಟಡ, ಕಾಲಡಿಯ ನೆಲವೇ ಬಾಯಿಬಿಡುವ ಲಿಫ್ಟು. ಕೊಲೆಗಾರ ಯಾರು ಅನ್ನುವುದು ಬೆಳಗಾಗುವುದರೊಳಗೆ ಮರೆತೇಹೋಯಿತು.

ಮರೆಯದೆ ಉಳಿದದ್ದು ಮ್ಯಾಂಟನ್ ಮೋರ್‌ಲ್ಯಾಂಡ್. ಚಾನ್‌ನ ಡ್ರೈವರ್ ಬರ್ಮಿಂಗ್‌ಹ್ಯಾಮ್ ಬ್ರೌನ್ ಪಾತ್ರ ಅವನದು. ಕಣ್ಣು ಅಗಲಿಸಿ ಹೆದರುವುದೇ ಅವನ ಪಾಲಿನ ಕೆಲಸ. ಕಪ್ಪು ನಟರಿಗೆ ಆಗಿನ ಹಾಲಿವುಡ್ ಹೆಚ್ಚಾಗಿ ಕೊಡುತ್ತಿದ್ದದ್ದು ಅಂಥದ್ದನ್ನೇ. ನಾನು ನಕ್ಕೆ. ನಕ್ಕ ಮೇಲೆ ಕಸಿವಿಸಿ ಆಯಿತು.

ಆದರೆ ಒಂದು ಕಡೆ ನಟ ಬೆನ್ ಕಾರ್ಟರ್ ಅವನಿಗೆ ಎದುರಾಗುತ್ತಾನೆ. ಹಳೆಯ ಸ್ನೇಹಿತ. ಇಬ್ಬರದೂ ಮಾತು ಹೀಗೆ ಸಾಗುತ್ತದೆ, ನನ್ನ ಬಾಯಲ್ಲಿ ಹೇಳುವುದಾದರೆ: “ಮೊನ್ನೆ ಆ ಅವನು...” “ಅಲ್ಲಿಗ್ಯಾಕೆ ಹೋದ?” “ಅವನ ತಮ್ಮ ಇದ್ದನಲ್ಲ, ಅವನಿಗೆ...” “ಛೇ, ಯಾವಾಗ?” ಒಂದು ವಾಕ್ಯವೂ ಪೂರ್ತಿಯಾಗುವುದಿಲ್ಲ. ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ. ಅವರಿಬ್ಬರಿಗೆ ಎಲ್ಲ ಗೊತ್ತು. ಅಷ್ಟು ಹೊತ್ತು ಮೋರ್‌ಲ್ಯಾಂಡ್ ಯಾರಿಗೂ ಹೆದರುವುದಿಲ್ಲ, ಯಾರ ಡ್ರೈವರೂ ಅಲ್ಲ. ಎಂಥ ಟೈಮಿಂಗ್ ಮಾರಾಯ! ಆರು ಸಲ ಹಿಂದೆ ತಿರುಗಿಸಿ ನೋಡಿದೆ.

ನಾವೂ ಹಾಗೇ ಅಲ್ವಾ ಇದ್ದದ್ದು? ಅಪ್ಪ ಆಸ್ಪತ್ರೆಯಲ್ಲಿದ್ದಾಗ ಫೋನಿನಲ್ಲಿ “ಲೋ, ಅಪ್ಪ...” ಅಂದಿದ್ದೆ. “ಹೊರಟೆ” ಅಂದಿದ್ದೆ ನೀನು. ಈಗಿನ ಮೆಸೇಜು ನೋಡು. “ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ.” ಚುಕ್ಕಿ ಸಮೇತ. ಕಳೆದ ತಿಂಗಳು ಎರಡು ಸಲ ನಿನ್ನ ನಂಬರ್ ತೆಗೆದೆ. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದೆ ಫೋನ್ ಕೆಳಗಿಟ್ಟೆ. ಕೆಲಸ ಹೋಗಿ ಐದು ವಾರ ಆಯಿತು ಕಣೋ. ನಿನಗೆ ಮೊದಲು ಹೇಳಬೇಕಿತ್ತು.

1946ರ ‘ಡಾರ್ಕ್ ಅಲಿಬಿ’ಯಲ್ಲಿ ಇಬ್ಬರೂ ಮತ್ತೆ ಅದೇ ಆಟ ಆಡಿದ್ದಾರೆ. ಆ ವರ್ಷವೇ ಕಾರ್ಟರ್ ತೀರಿಕೊಂಡ. ಅದು ಗೊತ್ತಾದ ಮೇಲೆ ನಿದ್ದೆ ಬರಲಿಲ್ಲ.

ಬಿಡು, ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ಭಾನುವಾರ ಫೋನ್ ಮಾಡುತ್ತೇನೆ. “ಲೋ, ಆ ಛತ್ರಿ...” ಅನ್ನುತ್ತೇನೆ. ಮುಂದಿನದು ನಿನ್ನದು.

ನಿನ್ನ,
ಕಿಟಕಿ ಸೀಟಿನವನು