ಮಗಳಿಗೊಂದು ಪತ್ರ: ಎರಡು ಮರದ ಹೆಸರು

ಪುಟ್ಟೀ,

ಸೋಮವಾರದಿಂದ ಜಪಾನಿನ ಕೋಬೆಯ ಆಸ್ಪತ್ರೆಯಲ್ಲಿ ನೋಂದಣಿ ಕೌಂಟರಿಗೆ ಕೂರುತ್ತೀಯ. ಮೊನ್ನೆ ಫೋನಿನಲ್ಲಿ, "ಎರಡು ಮರ ಬರೆದಿದ್ರೆ ಹಯಾಶಿ ಅಂತ ಕೂಗೋದು, ಅದರಲ್ಲೇನಪ್ಪಾ ಇದೆ" ಅಂದೆ. ನಾನು ಸಿಡುಕಿದೆ. ಹೊರಟು ನಿಂತ ಮಗಳ ಹತ್ತಿರ ಆಡುವ ದನಿ ಅದಲ್ಲ, ಬೇಸರ ಮಾಡ್ಕೋಬೇಡ. ವಿಷಯ ಮಾತ್ರ ಬಿಡಲಾರೆ.

ಚೀನೀಯರೂ ಜಪಾನೀಯರೂ ಅಡ್ಡಹೆಸರಿಗೆ ಬಳಸುವ 林 ಅನ್ನುವ ಆ ಅಕ್ಷರ ಬರೆಯುವುದು ನಿನಗೆ ಬರುತ್ತದೆ: ನಾಲ್ಕು ಗೆರೆಯ ಮರ ಎರಡು ಸಲ, ಒಟ್ಟು ಎಂಟು ಗೆರೆ. ಎಡಗಡೆಯ ಮರ ಕಿರಿದು, ಅದರ ಕೊನೆಯ ಗೆರೆ ಚುಕ್ಕೆಯಷ್ಟೇ. ಇಲ್ಲದಿದ್ದರೆ ಬಲಗಡೆಯದಕ್ಕೆ ಜಾಗ ಸಾಲದೆ ಒಂದು ಅಕ್ಷರ ಎರಡಾಗಿ ಕಾಣುತ್ತದೆ. ತೊಡಕು ಇರುವುದು ಓದುವುದರಲ್ಲಿ. ನಮ್ಮಲ್ಲಿ 'ಹೆಗಡೆ' ಅಂತ ಬರೆದರೆ ಹೆಗಡೆ ಅಂತಲೇ ಓದಬೇಕು. ಈ ಅಕ್ಷರ ತೋಪು ಅನ್ನುವ ಅರ್ಥ ಹೇಳಿ ಸುಮ್ಮನಾಗುತ್ತದೆ.

ಜಪಾನೀ ಮನೆತನವಾದರೆ ಹಯಾಶಿ. ಮುಂದೆ 'ಚಿಕ್ಕ' ಅನ್ನುವ ಅಕ್ಷರ ಸೇರಿದರೆ ಕೊಬಯಾಶಿ, ಅಲ್ಲಿ 'ಹ' ಹೋಗಿ 'ಬ' ಬರುತ್ತದೆ. ಚೀನೀಯರಾದರೆ ಮ್ಯಾಂಡರಿನ್‌ನಲ್ಲಿ ದನಿ ಏರಿಸಿ ಹೇಳುವ ಲಿನ್, ಕ್ಯಾಂಟನೀಸ್‌ನಲ್ಲಿ ಲಾಮ್, ಹೊಕ್ಕಿಯೆನ್‌ನಲ್ಲಿ ಲಿಮ್. ಅದೇ ಚೀನೀಯರನ್ನು ಜಪಾನಿನವರು ರೂಢಿಯಲ್ಲಿ 'ರಿನ್' ಅನ್ನುತ್ತಾರೆ. ಜಪಾನಿನ ನಾರಾ ಊರಿನಲ್ಲಿ ಈ ಅಕ್ಷರದ್ದೇ ಒಂದು ಚಿಕ್ಕ ಗುಡಿಯಿದೆ. 1349ರಲ್ಲಿ ಚೀನಾದಿಂದ ಬಂದು, ಮಂಜೂ ಅನ್ನುವ ಸಿಹಿ ಹೂರಣದ ಕಡುಬು ಮಾಡುವುದನ್ನು ಜಪಾನಿಗೆ ತಂದನೆಂದು ಹೇಳುವ ರಿನ್ ಜೋಇನ್‌ನ ಗುಡಿ. ಇಂದಿಗೂ ಅದು ರಿನ್ ಗುಡಿಯೇ, ಹಯಾಶಿ ಗುಡಿಯಲ್ಲ.

ಅಕ್ಷರ ಒಂದೇ ಅಂತ ನೆಂಟರಲ್ಲ. ಚೀನೀ ಲಿನ್‌ಗಳಿಗೆ ಅದು ವಂಶ: ಪ್ರಾಚೀನ ಚೀನಾದ ಶಾಂಗ್ ಮನೆತನದ ದೊರೆಗೆ ಬುದ್ಧಿ ಹೇಳಿ ಎದೆ ಸೀಳಿಸಿಕೊಂಡ ಬಿಗಾನ್‌ನ ಹೆಂಡತಿ ಕಾಡಿನಲ್ಲಿ ಹೆತ್ತ ಮಗನಿಗೆ ಆಮೇಲೆ ಬಂದ ಝೌ ಮನೆತನದ ದೊರೆ ಕೊಟ್ಟ ಹೆಸರು ಅನ್ನುವುದು ಅವರ ಕುಲಕಥೆ. 1839ರಲ್ಲಿ ಹೂಮೆನ್‌ನಲ್ಲಿ ಅಫೀಮು ನಾಶಮಾಡಿಸಿದ ಲಿನ್ ಝೆಶು ಈ ಹೆಸರಿನವನು, ಕಡಲದೇವಿ ಮಾಜು ಕೂಡ ಲಿನ್ ಮನೆಯ ಮಗಳೇ. ತೈವಾನಿನಲ್ಲಿ ಚೆನ್ ಬಿಟ್ಟರೆ ಅತಿ ಹೆಚ್ಚು ಮಂದಿಯ ಅಡ್ಡಹೆಸರು ಇದು. ಜಪಾನಿನಲ್ಲಿ ಬಹುಮಟ್ಟಿಗೆ ನೆಲದ ಗುರುತು, ತೋಪಿನ ಪಕ್ಕದ ಮನೆಯವರು ಅಂದ ಹಾಗೆ. ಅಲ್ಲಿ ಅಡ್ಡಹೆಸರು ಎಲ್ಲರಿಗೂ ಕಡ್ಡಾಯವಾದದ್ದೇ 1875ರಲ್ಲಿ.

ಈಗ ನನ್ನ ಭಯ ಹೇಳುತ್ತೇನೆ. ಕೋಬೆ ಬಂದರು 1868ರಲ್ಲಿ ತೆರೆದಾಗಿನಿಂದ ಚೀನೀಯರು ನೆಲೆಸಿರುವ ಊರು. ತೈವಾನಿನ ಅಜ್ಜಿಯೊಬ್ಬರು ಬರುತ್ತಾರೆ ಅಂದುಕೋ. ಅವರ ಹಳೆಯ ಕಡತವನ್ನು ಯಾರೋ 'ರಿನ್' ಅಂತ ತೆರೆದಿದ್ದಾರೆ, ಪೆನಿಸಿಲಿನ್ ಆಗದು ಅನ್ನುವ ಮಾತು ಅದರಲ್ಲಿದೆ. ನೀನು ಉಚ್ಚಾರ ಬರೆಯುವ ಜಪಾನೀ ಲಿಪಿ ಕಾನಾದಲ್ಲಿ 'ಹಯಾಶಿ' ಅಂತ ಹುಡುಕುತ್ತೀಯ, ಸಿಗುವುದಿಲ್ಲ, ಹೊಸ ಕಡತ ತೆರೆಯುತ್ತೀಯ. ಡಾಕ್ಟರ ಪರದೆಯಲ್ಲಿ ಅಲರ್ಜಿಯ ಜಾಗ ಖಾಲಿ! ಇಲ್ಲವೇ 'ಹಯಾಶಿ' ಅಂತ ಕೂಗುತ್ತೀಯ, ಅಜ್ಜಿ ಏಳುವುದಿಲ್ಲ, ಪಕ್ಕದಲ್ಲಿ ಕೂತ ಜಪಾನೀ ಹಯಾಶಿ ಎದ್ದು ಹೋಗುತ್ತಾರೆ. ಚೀಟಿ ಅಜ್ಜಿಯದು, ಪರೀಕ್ಷೆಗೆ ತೆಗೆದ ರಕ್ತ ಹಯಾಶಿಯದು. ಗುಂಪು ಬೇರೆಯಾಗಿದ್ದರೆ? ಅಜ್ಜಿಗೆ ಜಪಾನೀ ಸರಿಯಾಗಿ ಬಾರದೆ, ಹೇಳಿದ್ದಕ್ಕೆಲ್ಲ 'ಹಾಯ್, ಹಾಯ್', ಅಂದರೆ 'ಹೌದು, ಹೌದು' ಅಂದುಬಿಟ್ಟರೆ? ರಾತ್ರಿ ನಿದ್ದೆ ಹತ್ತದಾಗ ಇದೇ ತಲೆಯಲ್ಲಿ ಸುತ್ತುತ್ತದೆ.

ಅದಕ್ಕೇ, ಹೆಸರು ನೀನು ಓದಬೇಡ. "ಒನಾಮಾಎ ವಾ ನಾನ್ ತೊ ಒಯೋಮಿ ಶಿಮಾಸ್ ಕಾ", ಅಂದರೆ ನಿಮ್ಮ ಹೆಸರನ್ನು ಹೇಗೆ ಓದಬೇಕು ಅಂತ ಕೇಳು, ಕಾನಾ ಅವರ ಕೈಯಲ್ಲೇ ಬರೆಸು. ಪೂರ್ತಿ ಹೆಸರು, ಹುಟ್ಟಿದ ದಿನ ಅವರ ಬಾಯಿಂದಲೇ ಬರಲಿ. ನೀನು ಹೇಳಿ ಅವರು ತಲೆಯಾಡಿಸಿದ್ದು ಲೆಕ್ಕಕ್ಕಿಲ್ಲ. ವಿದೇಶಿಯರ ನಿವಾಸ ಕಾರ್ಡಿನಲ್ಲಿ ರೋಮನ್ ಅಕ್ಷರದ ಹೆಸರಿರುತ್ತದೆ, ಚೀನೀ ಅಕ್ಷರ ಅವರು ಕೇಳಿ ಹಾಕಿಸಿಕೊಂಡಿದ್ದರೆ ಮಾತ್ರ. ಕಾನಾದಲ್ಲಿ 'ಲ' ಇಲ್ಲದ್ದರಿಂದ ಲಿನ್, ರಿನ್ ಎರಡೂ ಒಂದೇ ಆಗಿಬಿಡುತ್ತವೆ. ಹಾಗಾಗಿ ಕಡತವನ್ನು ಮೊದಲು ಹುಟ್ಟಿದ ದಿನಾಂಕದಿಂದ ಹುಡುಕು, ಆಮೇಲೆ ರಿನ್, ಆಮೇಲೆ ಹಯಾಶಿ. ಜಪಾನೀ ಪೌರತ್ವ ಪಡೆದವರಲ್ಲಿ ರಿನ್ ಉಳಿಸಿಕೊಂಡವರೂ ಇದ್ದಾರೆ, ಹಯಾಶಿ ಆದವರೂ ಇದ್ದಾರೆ. ಮುಖ ನೋಡಿ ಹೇಳಲಾಗದು. ಕುಟುಂಬ ದಾಖಲೆಯಲ್ಲಿ ಹೆಸರಿನ ಓದನ್ನೂ ನಮೂದಿಸುವ ಕಾನೂನು ಜಪಾನಿನಲ್ಲೇ ಜಾರಿಯಾದದ್ದು 2025ರ ಮೇ 26ರಂದು.

ಇದು ತಿರುಗಾ ಮುರುಗಾ ಕೂಡ ನಡೆಯುತ್ತದೆ. ವಿದೇಶಾಂಗ ಸಚಿವರಾಗಿದ್ದ ಹಯಾಶಿ ಯೊಶಿಮಾಸಾ ಚೀನೀ ಸುದ್ದಿಯಲ್ಲಿ ಲಿನ್ ಫಾಂಗ್‌ಝೆಂಗ್. ಚೀನೀ ಸೊಸೆಯೊಬ್ಬಳು ಮಾವನನ್ನು ಲಿನ್ ಅಂದರೂ ಅವರು ಹಯಾಶಿಯೇ ಇರಬಹುದು, ಶಿಯಾವೊಲಿನ್ ಅಂದರೆ ಕೊಬಯಾಶಿ.

ಎರಡು ಭಾಷೆ ಕಲಿತು ಆ ಕುರ್ಚಿ ಗಳಿಸಿದವಳು ನೀನು. ಅಮ್ಮ ಬೀದಿಗೆಲ್ಲ ಹೇಳಿ ಬಂದಿದ್ದಾಳೆ, ನಾನೂ ಹೇಳಿದ್ದೇನೆ. ಪಾಠ ಮಾಡಬಾರದು ಅಂತ ಕೂತೆ, ಪಾಠವೇ ಆಯಿತು. ಇನ್ನೊಂದು ಹೇಳಿಬಿಡುತ್ತೇನೆ. ವಯಸ್ಸಾದವರು ಹುಟ್ಟಿದ ವರ್ಷವನ್ನು ಇಸವಿಯಲ್ಲಿ ಹೇಳದಿರಬಹುದು. ಜಪಾನಿನವರ ಶೋವಾ ವರ್ಷಕ್ಕೆ 1925 ಕೂಡಿಸು, ತೈವಾನಿನವರ ಮಿಂಗುವೊ ವರ್ಷಕ್ಕೆ 1911. ಇಬ್ಬರೂ 'ಮೂವತ್ತನಾಲ್ಕು' ಅಂದರೆ ಒಬ್ಬರದು 1959, ಇನ್ನೊಬ್ಬರದು 1945. ಯಾವ ವರ್ಷಗಣನೆ ಅಂತ ಕೇಳಿಯೇ ಬರೆದುಕೋ.

ನಿನ್ನ ಅಪ್ಪ