ಆಟದಲ್ಲೂ ಕಥೆಯಿದೆ
ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಎಂದರೆ ಬರೀ ಹೊಡೆದಾಟ, ಕಥೆ ಬೇಕಾದವರು ಪುಸ್ತಕವನ್ನೇ ಹಿಡಿಯಬೇಕು ಎಂಬ ಮಾತನ್ನು ನಾನು ಒಪ್ಪಲಾರೆ. ಪೋಲೆಂಡಿನ ಲೇಖಕ ಆಂಜೆಯ್ ಸಪ್ಕೋವ್‌ಸ್ಕಿ ಅವರ ಕಾದಂಬರಿಗಳ ಲೋಕವನ್ನು ಆಧರಿಸಿ 2015ರಲ್ಲಿ ಬಂದ ‘ದಿ ವಿಚರ್ 3’ ಆಟದಲ್ಲಿ, ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದ ಬ್ಯಾರನ್ (ಪಾಳೆಯಗಾರ) ಒಬ್ಬ, ಗರ್ಭದಲ್ಲೇ ಸತ್ತು ಪಿಶಾಚಿಯಾದ ತನ್ನ ಮಗುವನ್ನು ತೋಳಲ್ಲಿ ಎತ್ತಿಕೊಂಡು ಬಂದು, ಹೆಸರಿಟ್ಟು, ಹೊಸ್ತಿಲ ಬಳಿ ಹೂಳುತ್ತಾನೆ. ಹಾಗೆ ಮಾಡಿಸಬೇಕೋ, ಆ ಪಿಶಾಚಿಯನ್ನು ಕೊಂದೇಬಿಡಬೇಕೋ ಎಂಬುದು ಆಡುವವರಿಗೆ ಬಿಟ್ಟದ್ದು. ಓದುವಾಗ ಅಂಥವನನ್ನು ಶಪಿಸಿ ಪುಟ ತಿರುಗಿಸಬಹುದು, ಇಲ್ಲಿ ಅವನ ಜೊತೆಯಲ್ಲೇ ನಡೆಯಬೇಕು. ಆದರೂ ಮನಸ್ಸಿನೊಳಗಿನ ತುಮುಲವನ್ನು ಹೇಳುವುದರಲ್ಲಿ ಪುಸ್ತಕದ್ದೇ ಮೇಲುಗೈ. ಕಾಣೆಯಾದ ಸಾಕುಮಗಳನ್ನು ಹುಡುಕಬೇಕಾದ ಈ ಆಟದ ನಾಯಕ ನಡುವೆಯೇ ಕಾರ್ಡ್ ಆಟಕ್ಕೆ ಕೂರುವಂಥ ಸಡಿಲತನ ಒಳ್ಳೆಯ ಕಾದಂಬರಿಯಲ್ಲಿ ನಡೆಯದು. ಸಾಪ್ತಾಹಿಕ ಪುರವಣಿಯಲ್ಲಿ ಪುಸ್ತಕ ವಿಮರ್ಶೆಯ ಜೊತೆಗೆ ಇಂಥ ಆಟಗಳ ವಿಮರ್ಶೆಯೂ ಆಗಾಗ ಪ್ರಕಟವಾಗಲಿ ಎಂದು ಕೋರುತ್ತೇನೆ.

– ಓದುಗ, ಮೈಸೂರು