ತರಗತಿಯ ಜಾಲತಾಣ ಶಾಲೆಯ ಹೆಸರಲ್ಲಿರಲಿ

ಮಾನ್ಯರೇ,

ನಾನು ಶೃಂಗೇರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ತರಗತಿಗೆ ಅಂತಲೇ ಒಂದು ಜಾಲತಾಣ ಮಾಡಿದೆ. ಈಗ ನನ್ನ ವರ್ಗಾವಣೆ ಹತ್ತಿರ ಬಂದಿದೆ. ಆ ಜಾಲತಾಣದ ಗತಿಯೇನು ಎಂಬ ಚಿಂತೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಇಲ್ಲಿ ಜುಲೈ ಬಂತೆಂದರೆ ಮಳೆಗೆ ರಜೆ ಸಾಲುಗಟ್ಟುತ್ತದೆ. ಹಳ್ಳ ತುಂಬಿದರೆ ಶಾಲೆ ಇದ್ದ ದಿನವೂ ಕೆಲವು ಮಕ್ಕಳು ಬರಲಾಗುವುದಿಲ್ಲ. ಮೊದಲು ನೋಟ್ಸ್ ಎಲ್ಲ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೆ. ನಾಲ್ಕು ದಿನದಲ್ಲಿ ಅವು ಶುಭಾಶಯಗಳ ಅಡಿ ಮುಚ್ಚಿಹೋಗುತ್ತಿದ್ದವು. ಮನೆಯಲ್ಲಿ ಫೋನ್ ಬದಲಾದರೆ ಹಳೆಯದು ಸಿಗುತ್ತಲೇ ಇರಲಿಲ್ಲ. "ಮಿಸ್, ಮಸೂರದ ಚಿತ್ರ ಇನ್ನೊಂದ್ಸಲ ಕಳಿಸಿ" ಎಂದು ಒಬ್ಬಳೇ ಹುಡುಗಿ ನಾಲ್ಕು ಸಲ ಕೇಳಿದ್ದಳು.

ಗೂಗಲ್ ಸೈಟ್ಸ್‌ನಲ್ಲಿ ಪುಟ ಮಾಡಲು ದುಡ್ಡು ಬೇಡ, ಕೋಡ್ ಬರೆಯುವುದೂ ಬೇಡ. ಕಷ್ಟವಾಗಿದ್ದು ಕನ್ನಡದ್ದು. ವರ್ಷಗಳಿಂದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ನೋಟ್ಸ್ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದವು. ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿದ ಮೇಲೂ ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದವು. ಎರಡು ಭಾನುವಾರ ಕೂತು ತಿದ್ದಿದೆ. ಈಗ ಮಕ್ಕಳು 'ವಕ್ರೀಭವನ' ಎಂದು ಹುಡುಕಿದರೆ ಸೀದಾ ಆ ಸಾಲು ಸಿಗುತ್ತದೆ. ಬೋರ್ಡಿನ ಫೋಟೊ ಸೇರಿಸಿ ಮಾಡಿದ್ದ 20 ಎಂಬಿಯ ಪಿಡಿಎಫ್‌ಗಳನ್ನೂ ತೆಗೆದುಹಾಕಿದೆ. ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿಯುವ ಮಗುವಿಗೆ ಅವು ತೆರೆಯುವುದೇ ಇಲ್ಲ. ಮಕ್ಕಳ ಮುಖ, ಹೆಸರು, ಅಂಕ ಯಾವುದನ್ನೂ ಹಾಕಿಲ್ಲ.

ಆದರೆ ನಾನು ಹೇಳಬೇಕಾದ ಪುಟ ಬೇರೆಯೇ ಇದೆ. ಹತ್ತನೇ ತರಗತಿಯ ಮೊದಲ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಡುವ ಪ್ರಯೋಗ ಬರುತ್ತದೆ. ಮೊಳೆಯ ಮೇಲೆ ತಾಮ್ರ ಕೂರುತ್ತದೆ. ಅದನ್ನು ಮಾಡುವಾಗ ಒಬ್ಬ ಹುಡುಗ, "ಮಿಸ್, ನಮ್ಮಪ್ಪ ಔಷಧಿಗೆ ಕತ್ತಿ ಅದ್ದಿ ನೋಡೋದು ಇದನ್ನೇ" ಎಂದ. ಹೌದಲ್ವಾ! ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಎರಡೂ ಒಂದೊಂದು ಕೆಜಿ. ಅದ್ದಿದ ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಆ ಮೈಲುತುತ್ತವೇ ಪಾಠದ ತಾಮ್ರದ ಸಲ್ಫೇಟ್. ಮಕ್ಕಳು ಮನೆಯಲ್ಲಿ ವಿಚಾರಿಸಿ ಇದನ್ನೆಲ್ಲ ತಾವೇ ಬರೆದರು. ಆ ಪುಟವನ್ನು ಅಪ್ಪಂದಿರೂ ಓದಿದರು.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ ಸರ್ಕಾರಿ ಕಲಿಕಾ ಜಾಲತಾಣ ದೀಕ್ಷಾ ಇದೆ. ಶಿಕ್ಷಕರು ಸೇರಿ ಬರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಇದೆ. ನಾನು ಎರಡನ್ನೂ ಬಳಸುತ್ತೇನೆ. ಆದರೆ ಇಡೀ ರಾಜ್ಯಕ್ಕೆ ಮಾಡಿದ್ದರಲ್ಲಿ ನಮ್ಮೂರಿನ ತೋಟ ಎಲ್ಲಿಂದ ಬರಬೇಕು?

ಈಗ ತೊಂದರೆ ಏನೆಂದರೆ, ಈ ಜಾಲತಾಣ ಇರುವುದು ನನ್ನ ಸ್ವಂತ ಜಿಮೇಲ್ ಖಾತೆಯಲ್ಲಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಇನ್ನೊಬ್ಬ ಶಿಕ್ಷಕರಿಗೆ ಒಪ್ಪಿಸಬಹುದು, ಆದರೆ ಅದೂ ಅವರ ಸ್ವಂತ ಖಾತೆ. ಅವರಿಗೂ ಒಂದು ದಿನ ವರ್ಗಾವಣೆ ಆಗುತ್ತದೆ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ ಎಂಬ ಗುರುತಿನ ಸಂಖ್ಯೆ ಇದೆಯಲ್ಲ, ಆ ಸಂಖ್ಯೆಯಲ್ಲೇ ಶಿಕ್ಷಣ ಇಲಾಖೆ ಶಾಲೆಗೊಂದು ಖಾತೆ, ಒಂದು ವಿಳಾಸ ಕೊಡಲಿ. ಶಿಕ್ಷಕರು ಬರಲಿ ಹೋಗಲಿ, ಪುಟ ಶಾಲೆಯಲ್ಲೇ ಉಳಿಯುತ್ತದೆ. ತರಬೇತಿಗಳಲ್ಲಿ ಒಂದು ದಿನವನ್ನು ಯೂನಿಕೋಡ್ ಟೈಪಿಂಗ್ ಮತ್ತು ಪುಟ ಕಟ್ಟುವುದಕ್ಕೆ ಇಟ್ಟರೆ ಸಾಕು. ಜಾಸ್ತಿ ಖರ್ಚಿನ ಕೆಲಸವಲ್ಲ.

ಕೊಳೆ ಔಷಧಿಯ ಪುಟವನ್ನು ಈ ಸಲದ ಒಂಬತ್ತನೇ ತರಗತಿಯವರು ಆಗಲೇ ಓದಿದ್ದಾರೆ. ಬರುವ ಮಳೆಗಾಲದಲ್ಲಿ ತಮ್ಮ ಮನೆಯ ತೋಟದ ಲೆಕ್ಕವನ್ನೂ ಅದಕ್ಕೆ ಸೇರಿಸುತ್ತೇವೆ ಎಂದಿದ್ದಾರೆ.

– ವಿಜ್ಞಾನ ಶಿಕ್ಷಕಿ, ಶೃಂಗೇರಿ ತಾಲ್ಲೂಕು